ಮೊದಲ ಸ್ಟಾಪು

ಬೆಳಗಿನ ಆರು ಹತ್ತು. ಇನ್ನೂ ಕತ್ತಲು.
ಎಲಿಂಗ್‌ಸನ್ನರ ಡೈರಿಯ ಗೇಟಿನೆದುರು
ಹಳದಿ ಬಸ್ಸು ನಿಲ್ಲಿಸುತ್ತೇನೆ ನಾನು, ಆರ್ಡಿಸ್,
ವಿಸ್ಕಾನ್ಸಿನ್ನಿನ ಈ ರಸ್ತೆಯ ಗುಂಡಿ ಗುಂಡಿಯನ್ನೂ
ಸೊಂಟದಿಂದಲೇ ಬಲ್ಲವಳು.

ಹಿಮದ ಮೇಲೆ ಎರಡು ನೆರಳು.
ಉದ್ದದ್ದಕ್ಕೆ ಅಯೊಡಿನ್ ವಾಸನೆ, ಸಗಣಿ ಮೆತ್ತಿದ ಬೂಟು,
ರಾತ್ರಿಯಿಡೀ ಕೆಚ್ಚಲು ತೊಳೆದು ಬಿರಿದ ಕೈ.
ಗಿಡ್ಡದ್ದಕ್ಕೆ ಎರಡು ಜಡೆ, ಬೆನ್ನಿಗಿಂತ ದೊಡ್ಡ ಚೀಲ.
‘ಗುಡ್ ಮಾರ್ನಿಂಗ್, ಸೆನ್ಯೋರಾ’ ಎನ್ನುತ್ತಾನೆ ನಸಾರಿಯೊ,
ಎರಡು ಭಾಷೆಯನ್ನು ಒಂದೇ ಗೂಟಕ್ಕೆ ಕಟ್ಟಿ.
ನಾಯೆಲಿ ಹತ್ತುತ್ತಾಳೆ. ಅವನು ಹತ್ತುವುದಿಲ್ಲ.

ತಲೆ ಎಣಿಸುವುದು ನನ್ನ ಕೆಲಸ.
ಆರು ವರ್ಷದ ಹಿಂದೆ ಈ ಬಸ್ಸಿನಲ್ಲಿ ಒಂಬತ್ತೇ ತಲೆ.
ಶಾಲೆ ಮುಚ್ಚುವ ಸಭೆಗೆ ನಾನೂ ಹೋಗಿದ್ದೆ;
ಕಾಫಿ ಕುಡಿದೆವು, ನಿಟ್ಟುಸಿರಿಟ್ಟೆವು,
ಸಭೆಯಲ್ಲಿ ಹೆರುವ ವಯಸ್ಸಿನವರೇ ಇರಲಿಲ್ಲ.
ಈಗ ಮೂವತ್ತೊಂದು.
ಹಿಂದಿನ ಸೀಟಿನಲ್ಲಿ ಸ್ಪ್ಯಾನಿಷಿನಲ್ಲಿ ಜಗಳ,
ಮುಂದಕ್ಕೆ ಬರುವಷ್ಟರಲ್ಲಿ ಇಂಗ್ಲಿಷಿನಲ್ಲಿ ರಾಜಿ.
ಮೊನ್ನೆ ಟೊಲೆಫ್‌ಸನ್ನರ ಮೊಮ್ಮಗನೂ ಸ್ಪ್ಯಾನಿಷಿನಲ್ಲೇ ಬೈದ.
ಮುದುಕಿಗೆ ಅರ್ಥವಾಗಲಿಲ್ಲ ಅಂದುಕೊಂಡ.

ಶಾಲೆಯ ನಾಟಕಕ್ಕೆ ಬಾ, ನಿನ್ನ ಮಗಳು ಅದರಲ್ಲಿ ಮೋಡ,
ಎಂದೆ ಒಮ್ಮೆ ನಸಾರಿಯೊಗೆ.
ನಕ್ಕು, ಸ್ಟಿಯರಿಂಗು ಹಿಡಿದಂತೆ ಕೈ ಮಾಡಿ,
ಇಲ್ಲ ಎಂದು ತಲೆಯಾಡಿಸಿದ. ಲೈಸೆನ್ಸಿಲ್ಲ.
ದಿನಾ ಅವನ ಕಣ್ಣೆದುರೇ ಗೇಟು ದಾಟುತ್ತದೆ ಟ್ಯಾಂಕರು.
ಅವನು ಕರೆದ ಹಾಲಿಗೆ
ಊರೂರು ತಿರುಗುವ ಕಾಗದವಿದೆ.

ಫೆಬ್ರವರಿಯಲ್ಲಿ ಒಂದು ದಿನ
ಬಸ್ಸು ಜಾರಿ ಚರಂಡಿಗೆ ವಾಲಿತು, ಒಳಗೆ ಹನ್ನೊಂದು ಮಕ್ಕಳು.
ಗಾಳಿ ಕಿವಿ ಕೊಯ್ಯುತ್ತಿತ್ತು. ಎಳೆಯುವ ಗಾಡಿ
ಎರಡು ತಾಸಿಗೆ ಬರುತ್ತದಂತೆ.
ನಾಯೆಲಿ ಕಿಟಕಿಯ ಮಂಜು ಒರೆಸಿ ‘ಅಪ್ಪ’ ಎಂದಳು.
ಹಸಿರು ಟ್ರ್ಯಾಕ್ಟರಿನ ದೀಪ
ಗೇಟಿನೊಳಗೆ ಒಂದು ಗಳಿಗೆ ನಿಂತಿತು,
ಆಮೇಲೆ ರಸ್ತೆಗಿಳಿಯಿತು.

ಅವನು ಸರಪಳಿ ಬಿಗಿಯುವಾಗಲೇ ಪೊಲೀಸ್ ಕಾರೂ ಬಂತು.
ಹುಡುಗ ಅಧಿಕಾರಿ ಇಳಿದ, ನೋಡಿದ,
ಆಮೇಲೆ ಬಯಲಿನತ್ತ ತಿರುಗಿ ನಿಂತ,
ಆ ಹಿಮದಲ್ಲಿ ಜೋಳ ಬೆಳೆದಿದೆಯೇನೋ ಎಂಬಂತೆ.
ಅವನು ಕೇಳಿದ್ದರೆ ನಾನೇನು ಹೇಳುತ್ತಿದ್ದೆ?
ಹೇಳುತ್ತಿದ್ದೆ ಅಂತ ಈಗ ಅನ್ನಿಸುತ್ತದೆ.
ಆಗ ಬಾಯಿ ಮರಗಟ್ಟಿತ್ತು.

ಆ ವಾರವೇ ನಾಯೆಲಿ ತಂದಳು
ಟವೆಲಿನಲ್ಲಿ ಸುತ್ತಿದ ಪಿಂಗಾಣಿ ಬಟ್ಟಲು.
ಹಸುವೊಂದು ಕರು ಹಾಕಿತ್ತಂತೆ,
ಕರು ಕುಡಿದು ಮಿಕ್ಕಿದ್ದಂತೆ, ಅಜ್ಜಿ ಎರ್ಮೆಲಿಂಡಾ
ಫೋನಿನಲ್ಲಿ ಮೆಕ್ಸಿಕೋದಿಂದ ಹೇಳಿಕೊಟ್ಟಳಂತೆ,
ಬೆಲ್ಲ ಇಷ್ಟು, ಚಕ್ಕೆ ಇಷ್ಟು, ಉರಿ ಸಣ್ಣಗೆ.

ಗಿಣ್ಣು!
ಶಾಲೆಯ ಹಿಂದೆ ಬಸ್ಸು ನಿಲ್ಲಿಸಿ ಬೆರಳಲ್ಲೇ ತಿಂದೆ.
ನಾಲಿಗೆಗೆ ಮೊದಲು ಗೊತ್ತಾಯಿತು, ನನಗೆ ಆಮೇಲೆ.
ನಾರ್ವೆಯಿಂದ ಬಂದ ನನ್ನಜ್ಜಿ ಗುಡ್ರುನ್
ಇದನ್ನು ‘ಕರುವಿನ ಕುಣಿತ’ ಎನ್ನುತ್ತಿದ್ದಳು,
ತಟ್ಟೆ ತಟ್ಟಿದರೆ ಕುಣಿಯುತ್ತದೆ, ನೋಡು ಎಂದು.
ಅವಳು ಹೋಗಿ ಅರವತ್ತೊಂದು ವರ್ಷ.
ಹೊಳೆಯಂತೆ ಹಾಲು ಹರಿಯುವ ಈ ಸೀಮೆಯಲ್ಲಿ
ಅಂದಿನಿಂದ ನನಗೊಬ್ಬರೂ ಗಿಣ್ಣು ಕೊಟ್ಟಿರಲಿಲ್ಲ.
ಮಾಡಬೇಕೆಂದು ನನಗೂ ತೋಚಿರಲಿಲ್ಲ.

ತೊಳೆದ ಬಟ್ಟಲು ಇನ್ನೂ ನನ್ನ ಸೀಟಿನ ಕೆಳಗಿದೆ.
ಖಾಲಿ ಪಾತ್ರೆ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ.
ಜಾಮ್ ತುಂಬಲೆ? ಬಿಸ್ಕತ್ತೆ?
ಪ್ರತಿ ಗುಂಡಿಗೂ ಅದು ಠಣ್ ಎನ್ನುತ್ತದೆ.

ಆರು ಹತ್ತು. ಎರಡು ನೆರಳು.
ಬಾಗಿಲು ತೆರೆಯುತ್ತೇನೆ.